ಕೊರಳಿನ ಉಗುರು ಕಂಡವರಿಗೆ ಕಾಡಿನ ಉರುಳು ಕಾಣುವುದಿಲ್ಲ

2023ರ ಅಕ್ಟೋಬರ್ ಕೊನೆಯ ವಾರ ನಮ್ಮ ಅರಣ್ಯ ಇಲಾಖೆಗೆ ಎಲ್ಲಿಲ್ಲದ ಹುರುಪು ಬಂದಿತ್ತು. ಬಿಗ್ ಬಾಸ್ ಮನೆಯೊಳಗಿದ್ದ ಸ್ಪರ್ಧಿ ವರ್ತೂರು ಸಂತೋಷ್ ಕೊರಳಲ್ಲಿ ಹುಲಿ ಉಗುರಿನ ಲಾಕೆಟ್ ಟಿವಿಯಲ್ಲಿ ಕಂಡದ್ದೇ ತಡ, ಅಧಿಕಾರಿಗಳು ಶೋ ನಡೆಯುತ್ತಿದ್ದ ಜಾಗಕ್ಕೇ ಹೋಗಿ ಅವರನ್ನು ಹೊರಗೆ ಕರೆಸಿ ಬಂಧಿಸಿದರು. ಮುಂದಿನ ಕೆಲವು ದಿನ ರಾಜ್ಯದ ಜನ ಹಳೆಯ ಫೋಟೊಗಳನ್ನು ಹಿಗ್ಗಿಸಿ ನೋಡುವುದರಲ್ಲೇ ಮುಳುಗಿದರು. ಚಿತ್ರನಟರ, ರಾಜಕಾರಣಿಗಳ ಮನೆಬಾಗಿಲಿಗೂ ಇಲಾಖೆಯ ಜೀಪು ಹೋಯಿತು. ಚಿಕ್ಕಮಗಳೂರಿನ ಕಡೆ ಅರ್ಚಕರೂ ಸಿಕ್ಕಿಬಿದ್ದರು. ಕೆಲವರು ‘ನಮ್ಮದು ನಕಲಿ’ ಎಂದರು, ಕೆಲವರು ‘ಅಮ್ಮ ಕೊಟ್ಟದ್ದು’ ಎಂದರು. ಉಗುರುಗಳು ಪ್ರಯೋಗಾಲಯ ಸೇರಿದವು. ಸಂತೋಷ್ ಜಾಮೀನು ಪಡೆದು ಮತ್ತೆ ಬಿಗ್ ಬಾಸ್ ಮನೆಗೇ ವಾಪಸಾದರು. ನಾಟಕಕ್ಕೆ ಇದಕ್ಕಿಂತ ಚೆಂದದ ಅಂಕಪರದೆ ಬೇಕೆ?

ಆ ಬಂಧನ ತಪ್ಪು ಎಂದು ನಾನು ಹೇಳುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಮೊದಲನೇ ಅನುಸೂಚಿಯ ಪ್ರಾಣಿ. ಅದನ್ನು ಕೊಂದವನಷ್ಟೇ ಅಲ್ಲ, ಅದರ ಉಗುರು, ಹಲ್ಲು, ಚರ್ಮವನ್ನು ಪ್ರಮಾಣಪತ್ರವಿಲ್ಲದೆ ಇಟ್ಟುಕೊಂಡವನೂ ಅಪರಾಧಿ. ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ಮಾಲು ಕೈಯಲ್ಲಿ ಸಿಕ್ಕರೆ ಅದು ಸಕ್ರಮವಾಗಿ ಬಂದದ್ದೆಂದು ತೋರಿಸುವ ಹೊಣೆಯೂ ಆರೋಪಿಯದ್ದೇ. ಕೊರಳಿಗೆ ಉಗುರು ಕಟ್ಟಿಕೊಂಡು ಮೆರೆಯುವವನು ಇರುವವರೆಗೆ ಅದನ್ನು ಕಿತ್ತು ಮಾರುವವನೂ ಇರುತ್ತಾನೆ ಎಂಬ ವಾದವನ್ನು ಒಪ್ಪುತ್ತೇನೆ. ಆದರೆ ಅದಕ್ಕೊಂದು ಮಿತಿ ಇದೆ. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೇ ಒಂದು ಹುಲಿಯೂ ಉಳಿದಿರಲಿಲ್ಲವಲ್ಲ, ಅವನ್ನು ಮುಗಿಸಿದ್ದು ಲಾಕೆಟ್ ಶೋಕಿಯಲ್ಲ. ಗಡಿಯಾಚೆ ಚರ್ಮಕ್ಕೆ, ಮೂಳೆಗೆ ಇದ್ದ ಬೇಡಿಕೆ. ಆ ಅವಮಾನದ ನಂತರವೇ ದೆಹಲಿಯಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ಹುಟ್ಟಿಕೊಂಡಿದ್ದು.

ನಮ್ಮಲ್ಲಿ ಇಷ್ಟೊಂದು ಉಗುರು ಎಲ್ಲಿಂದ ಬಂತು ಎಂದು ಕೇಳುವವರು ಮೈಸೂರಿನ ಇತಿಹಾಸ ನೋಡಬೇಕು. ವ್ಯಾನ್ ಇಂಗೆನ್ ಮನೆತನದ ಕಾರ್ಖಾನೆಯಲ್ಲಿ ರಾಜರು, ಬ್ರಿಟಿಷ್ ಸಾಹೇಬರು ಹೊಡೆದ ಸಾವಿರಾರು ಹುಲಿ–ಚಿರತೆಗಳನ್ನು ಗೋಡೆಗೇರುವ ಟ್ರೋಫಿಗಳಾಗಿ ಮಾಡಿದರು. ಆ ಬೇಟೆಗಳಲ್ಲಿ ಸೋವುಗಾರರಾಗಿ ಹೋದವರ, ದಿವಾನಖಾನೆಯ ಪರಿಚಾರಕರ ಮನೆಗಳಿಗೂ ಒಂದೆರಡು ಉಗುರು ಸೇರಿರಬಹುದು. ಇಂಥ ಹಳೇ ಸೊತ್ತನ್ನು ಘೋಷಿಸಿಕೊಳ್ಳಿ ಎಂದು 1972ರ ಕಾಯ್ದೆಯೇ ಅವಕಾಶ ಕೊಟ್ಟಿತ್ತು. 2003ರಲ್ಲಿ ಕೇಂದ್ರ ಮತ್ತೆ 180 ದಿನ ಕೊಟ್ಟಿತು. ಉಗುರಿನ ಗಲಾಟೆ ಆದಮೇಲೆ 2024ರ ಆರಂಭದಲ್ಲಿ ನಮ್ಮ ಸರ್ಕಾರ ಇನ್ನೊಮ್ಮೆ, ತಂದೊಪ್ಪಿಸಿದವರ ಮೇಲೆ ಕೇಸಿಲ್ಲವೆಂದು, ಮೂರು ತಿಂಗಳು ಕೊಟ್ಟಿತು. ಮುಂಜಾನೆ ಬಂಧನ, ಸಂಜೆ ಕ್ಷಮಾದಾನ. ವಂಶವಾಹಿ ಪರೀಕ್ಷೆ ಆ ಉಗುರು ಹುಲಿಯದ್ದೋ ಎತ್ತಿನ ಕೊಂಬಿನದ್ದೋ ಹೇಳುತ್ತದೆ; ಅಜ್ಜನ ಕಾಲದ ಹುಲಿಯೋ ಹೋದ ವರ್ಷದ ಹುಲಿಯೋ ಎಂದು ಹೇಳುವುದಿಲ್ಲ. ಹೊಸ ಕೊಲೆಗೆ ಹಳೇ ವಿಳಾಸ ಹಚ್ಚುವುದು ಎಷ್ಟು ಸಲೀಸು ಎಂಬುದು ಆದೇಶ ಬರೆದವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ.

ಈಗ ಮಲೆ ಮಹದೇಶ್ವರ ಬೆಟ್ಟಕ್ಕೆ ಬನ್ನಿ. 2025ರ ಜೂನ್ 26ರಂದು ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಹುಲಿ ಹಸುವೊಂದನ್ನು ಕೊಂದಿತ್ತು. ಉಳಿದ ಕಳೇಬರಕ್ಕೆ ಕೀಟನಾಶಕ ಸುರಿಯಲಾಗಿತ್ತು. ಬಂದೂಕು ಬೇಕಾಗಲಿಲ್ಲ, ಕಳ್ಳಸಾಗಣೆ ಜಾಲ ಬೇಕಾಗಲಿಲ್ಲ, ಗೊಬ್ಬರದ ಅಂಗಡಿಯ ಒಂದು ಪೊಟ್ಟಣ ಸಾಕಾಯಿತು. 2022ರ ಗಣತಿಯಲ್ಲಿ 563 ಹುಲಿಗಳೊಂದಿಗೆ ಮಧ್ಯಪ್ರದೇಶದ ನಂತರ ನಾವೇ ಎಂದು ಬೀಗಿದ ರಾಜ್ಯದಲ್ಲಿ ಒಂದು ಇಡೀ ಸಂಸಾರ ಹೀಗೆ ಅಳಿಯಿತು. ಹಸುವಿನ ಕಡೆಯವರನ್ನು ಬಂಧಿಸಿದ್ದಾಯಿತು. ಅದು ಆಗಬೇಕಾದ್ದೇ. ಹಸು ಕಳೆದುಕೊಂಡವನ ಸಂಕಟ ದೊಡ್ಡದು, ಆದರೆ ವಿಷ ಹುಲಿಯನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಆ ಕಳೇಬರಕ್ಕೆ ರಣಹದ್ದು, ನರಿ, ಊರಿನ ನಾಯಿ ಯಾವುದು ಬಾಯಿ ಹಾಕಿದರೂ ಸಾಯುತ್ತದೆ.

ಆದರೆ ಆ ಸಾವಿನ ಬೆನ್ನಲ್ಲೇ ಇನ್ನೊಂದು ವಿಷಯ ಹೊರಬಿತ್ತು. ಆ ಕಾಡಿನಲ್ಲಿ ಗಸ್ತು ತಿರುಗಬೇಕಿದ್ದ ಹೊರಗುತ್ತಿಗೆ ವಾಚರ್‌ಗಳಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ. ಹುಲಿಗಳು ಸಾಯುವ ಕೆಲವೇ ದಿನ ಮುಂಚೆ ಅವರು ಅದಕ್ಕಾಗಿ ಪ್ರತಿಭಟನೆಯನ್ನೂ ಮಾಡಿದ್ದರು. ಹಣ ಬಿಡುಗಡೆಯಾಗಿದ್ದರೂ ಕೈಗೆ ತಲುಪಿಸಿರಲಿಲ್ಲವೆಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಅವರೇ ಹೇಳಿ ಅಧಿಕಾರಿಗಳ ಮೇಲೆ ಕ್ರಮಕ್ಕೆ ಮುಂದಾದರು. ವಾಚರ್ ಎಂದರೆ ಯಾರು? ಪಕ್ಕದ ಹಾಡಿಯವನು, ದೊಡ್ಡಿಯವನು. ಯಾರ ದನ ಎರಡು ದಿನದಿಂದ ಮನೆಗೆ ಬಂದಿಲ್ಲ, ಯಾರು ಕುದಿಯುತ್ತಿದ್ದಾರೆ, ಯಾವ ಹಳ್ಳದ ಬದಿಯಲ್ಲಿ ಕಾಗೆ ಸೇರಿವೆ ಎಂಬುದೆಲ್ಲ ಮೊದಲು ಗೊತ್ತಾಗುವುದು ಅವನಿಗೇ. ಕಾಯ್ದೆಯ ಕಣ್ಣು, ಕಿವಿ ಎರಡೂ ಅವನೇ. ಅವನ ಮನೆಯ ಅಕ್ಕಿ ಡಬ್ಬ ಬರಿದಾಗಿರುವಾಗ ಅನುಸೂಚಿ, ಸೆಕ್ಷನ್ನು ಎಂದು ವಿಧಾನಸೌಧದಲ್ಲಿ ಭಾಷಣ ಮಾಡಿ ಏನು ಫಲ? ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ಬೆಟ್ಟದಲ್ಲಿ ಮತ್ತೊಂದು ಹುಲಿಯ ದೇಹ ತುಂಡು ತುಂಡಾಗಿ ಸಿಕ್ಕಿತು.

ವಿಷ ಸುದ್ದಿಯಾಗುತ್ತದೆ, ಉರುಳು ಸುದ್ದಿಯಾಗುವುದಿಲ್ಲ. ಮಲೆನಾಡು, ಕೊಡಗಿನ ತೋಟದಂಚಿನಲ್ಲಿ ಹಂದಿಗೆಂದು ಕಟ್ಟುವ ತಂತಿ ಉರುಳು ಬಹಳ ಸಲ ಬೈಕಿನ ಹಳೇ ಕ್ಲಚ್ ವೈರೇ ಆಗಿರುತ್ತದೆ. ಅದಕ್ಕೆ ಚಿರತೆ ಬೀಳುತ್ತದೆ. ಸೊಂಟಕ್ಕೆ ಸಿಕ್ಕಿಕೊಂಡ ತಂತಿ ಚಿರತೆ ಎಳೆದಷ್ಟೂ ಬಿಗಿದು ಒಳಗಿನ ಅಂಗಗಳನ್ನೇ ಹಿಂಡುತ್ತದೆ. ಅರಿವಳಿಕೆ ಕೊಟ್ಟು ಬಿಡಿಸಿದ ಮೇಲೂ ಅನೇಕ ಚಿರತೆ ಬದುಕುವುದಿಲ್ಲ. ಇನ್ನು ಸಿಡಿಮದ್ದು: ಉಂಡೆಯೊಳಗೆ ಮದ್ದು ತುಂಬಿ ಕೊಬ್ಬು ಸವರಿ ಇಡುತ್ತಾರೆ, ಹಂದಿ ಕಚ್ಚಿದರೆ ದವಡೆ ಛಿದ್ರ. ಮೇಯಲು ಹೋದ ಹಸುವೂ ಕಚ್ಚುತ್ತದೆ. ಬೇಲಿಗೆ ನೇರ ಕರೆಂಟು ಕೊಟ್ಟು ಆನೆ ಸಾಯಿಸುವುದಂತೂ ವಾರ್ಷಿಕ ಪದ್ಧತಿಯೇ ಆಗಿದೆ. ಇವೆಲ್ಲ ಮಹಜರಿನಲ್ಲಿ ಹೇಗೆ ದಾಖಲಾಗುತ್ತವೆ? ‘ಯಾರೋ ಅಪರಿಚಿತರು.’ ಇಡೀ ಊರಿಗೆ ಹೆಸರು ಗೊತ್ತಿರುವ ಆ ಅಪರಿಚಿತನನ್ನು ಹುಡುಕಲು ಯಾವ ಜೀಪೂ ಹೊರಡುವುದಿಲ್ಲ, ಯಾವ ಕ್ಯಾಮೆರಾವೂ ಹಿಂಬಾಲಿಸುವುದಿಲ್ಲ. ಭಾನುವಾರದ ಹಂದಿ ಮಾಂಸದ ಪಾಲು ಊರಿನ ಯಾವ ಯಾವ ದೊಡ್ಡವರ ಮನೆಗೆ ಹೋಗುತ್ತದೆ ಎಂದು ಕೇಳಿದರೆ ಕಾರಣ ತಾನಾಗಿ ತಿಳಿಯುತ್ತದೆ.

ಕೇಸು ದಾಖಲಾದರೂ ದಾರಿ ಸುಲಭದ್ದಲ್ಲ. ಇಲ್ಲಿ ಪೊಲೀಸರ ಎಫ್‌ಐಆರ್ ಒಂದರಿಂದ ಕೆಲಸ ಆಗದು; ಅಧಿಕಾರ ಪಡೆದ ಅರಣ್ಯಾಧಿಕಾರಿಯೇ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು. ಅಂದರೆ ನೆಡುತೋಪು, ಸಸಿ ಲೆಕ್ಕ, ಆನೆ ಕಂದಕ, ಒತ್ತುವರಿ ತಗಾದೆ, ಮಂತ್ರಿಗಳ ಸಫಾರಿ ಎಲ್ಲವನ್ನೂ ಸಂಭಾಳಿಸುವ ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ) ಮಧ್ಯೆ ಬಿಡುವು ಮಾಡಿಕೊಂಡು ತನಿಖಾಧಿಕಾರಿಯೂ ಆಗಬೇಕು. ರಕ್ತದ ಮಾದರಿ ಯಾರು ಸೀಲು ಮಾಡಿದರು, ಪಂಚರು ಯಾರು, ಎಷ್ಟು ಗಂಟೆಗೆ ಎಂಬ ಒಂದು ಸಾಲು ತಪ್ಪಿದರೂ ಎದುರು ವಕೀಲರಿಗೆ ಹಬ್ಬ. ಅಷ್ಟರಲ್ಲಿ ವರ್ಗಾವಣೆ. ಸಾಕ್ಷಿ ಹೇಳಲು ಅವರು ಬೀದರಿನಿಂದ ಹನೂರಿನ ಕಡೆಗೆ ಬರಬೇಕು. ಸಲ್ಮಾನ್ ಖಾನ್ ಪ್ರಕರಣವನ್ನೇ ನೋಡಿ. ಜೋಧಪುರದ ಬಳಿ ಕಾಂಕಾಣಿಯಲ್ಲಿ ಕೃಷ್ಣಮೃಗ ಸತ್ತದ್ದು 1998ರಲ್ಲಿ, ಕೆಳ ನ್ಯಾಯಾಲಯ ಐದು ವರ್ಷ ಶಿಕ್ಷೆ ಕೊಟ್ಟದ್ದು 2018ರಲ್ಲಿ, ಜಾಮೀನು ಸಿಕ್ಕಿದ್ದು ಎರಡು ರಾತ್ರಿ ಕಳೆದ ಮೇಲೆ. ಇಡೀ ದೇಶ ನೋಡುತ್ತಿದ್ದ ಕೇಸಿಗೆ, ಹಿಡಿದ ಪಟ್ಟು ಬಿಡದ ಬಿಷ್ಣೋಯಿ ಸಮುದಾಯ ಬೆನ್ನಿಗಿದ್ದ ಕೇಸಿಗೆ ಇಪ್ಪತ್ತು ವರ್ಷ! ಸಕಲೇಶಪುರದ ತೋಟದಲ್ಲಿ ಉರುಳಿಗೆ ಬಿದ್ದ ಚಿರತೆಯ ಬೆನ್ನಿಗೆ ಯಾರಿದ್ದಾರೆ?

ಹಾಗಾಗಿ ಪ್ರತಿ ಹುಲಿ ಸತ್ತಾಗಲೂ ಕೇಳಿಬರುವ ‘ಇನ್ನೂ ಕಠಿಣ ಶಿಕ್ಷೆ ಬೇಕು’ ಎಂಬ ಕೂಗು ನನಗೆ ರೇಜಿಗೆ ಹುಟ್ಟಿಸುತ್ತದೆ. 2022ರ ತಿದ್ದುಪಡಿಯಲ್ಲಿ ದಂಡ ಏರಿಸಿದ್ದಾರೆ. ಇದರಿಂದ ಯಾವ ಉರುಳು ಬಿಚ್ಚಿತು? ಕಠಿಣ ಶಿಕ್ಷೆಗೆ ಸಿಕ್ಕಿಬೀಳುವ ಭಯವಿದ್ದರೆ ಮಾತ್ರ ಬೆಲೆ. ಕನಿಷ್ಠ ಮೂರು ವರ್ಷ ಎಂದಾಗ ನ್ಯಾಯಾಧೀಶರು ಪುರಾವೆಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವುದು ಸಹಜ; ಪುರಾವೆ ಜಾಳಾಗಿದ್ದರೆ ಆರೋಪಿ ಬಿಡುಗಡೆ. ಇಲಾಖೆ ಮಾಡಬೇಕಾದ್ದು ಬೇರೆ. ಪ್ರತಿ ವೃತ್ತದಲ್ಲೂ ತನಿಖೆಯನ್ನಷ್ಟೇ ಮಾಡುವ ಅಧಿಕಾರಿ ಇರಲಿ, ಈ ಕೇಸುಗಳನ್ನಷ್ಟೇ ನಡೆಸುವ ಸರ್ಕಾರಿ ವಕೀಲರಿರಲಿ. ಎಷ್ಟು ಕೇಸು ಹಾಕಿದೆವು, ಎಷ್ಟರಲ್ಲಿ ಶಿಕ್ಷೆಯಾಯಿತು, ಎಷ್ಟು ಯಾಕೆ ಬಿದ್ದುಹೋದವು ಎಂದು ವರ್ಷಕ್ಕೊಮ್ಮೆ ಪ್ರಕಟಿಸಲಿ. ಹುಲಿ ಎಣಿಸಲು ಬರುವವರಿಗೆ ತೀರ್ಪು ಎಣಿಸುವುದು ಕಷ್ಟವೇನಲ್ಲ. ಹಸು ಸತ್ತ ವಾರದೊಳಗೆ ಪರಿಹಾರ ಮನೆಗೆ ಬರಲಿ. ಕಚೇರಿಗೆ ನಾಲ್ಕು ಸಲ ಅಲೆಯುವುದಕ್ಕಿಂತ ವಿಷದ ಪೊಟ್ಟಣ ಅಗ್ಗ ಎಂಬ ಲೆಕ್ಕ ಯಾರಿಗೂ ಹೊಳೆಯದಂತಾಗಲಿ.

ಮಹದೇಶ್ವರ ಬೆಟ್ಟದ ಸಾವುಗಳಾದ ಮೇಲೆ ಸರ್ಕಾರಕ್ಕೆ ಹೊಳೆದ ದೊಡ್ಡ ಪರಿಹಾರ ಕಾಡಿನಲ್ಲಿ ದನ ಮೇಯಿಸುವುದಕ್ಕೇ ನಿಷೇಧ. ತಲೆಮಾರುಗಳಿಂದ ಅಲ್ಲೇ ದನ ಸಾಕಿದ ಬೆಟ್ಟದ ಜನ ಸಿಡಿದೆದ್ದರು. ಹೊರಗಿನಿಂದ ತಂದು ಬಿಡುವ ದೊಡ್ಡ ಹಿಂಡುಗಳಿಗೂ ದೊಡ್ಡಿಯವರ ನಾಲ್ಕು ಹಸುಗಳಿಗೂ ಒಂದೇ ಹಗ್ಗ ಹಾಕಿದರೆ ಸಿಡಿಯದೆ ಇನ್ನೇನು? ಸರಿ, ನಿಷೇಧವೇ ಇರಲಿ ಎನ್ನೋಣ. ಹಸುವಿನ ಯಜಮಾನ ತನ್ನ ಅಣ್ಣನೋ ಭಾವನೋ ಆಗಿರುವಾಗ, ಸಾವಿರಾರು ಎಕರೆಯ ಆ ಕಣಿವೆಗಳಲ್ಲಿ ನಿಂತು ದನ ತಡೆಯಬೇಕಾದವನು ಅದೇ ಹೊರಗುತ್ತಿಗೆ ವಾಚರ್. ಅವನ ಈ ತಿಂಗಳ ಸಂಬಳ ಆಯಿತೇ?