ಗಿಟಾರ್ ಹಳೆಯದಾದಷ್ಟೂ ನಾದ ಚೆನ್ನಾಗಿರುತ್ತದೆಯೇ?

“ನಲವತ್ತು ವರ್ಷ ಹಳೆಯ ಗಿಟಾರ್, ಅಪ್ಪಟ ರೋಸ್‌ವುಡ್. ಇಂಥ ನಾದ ಹೊಸದರಲ್ಲಿ ಸಿಗಲ್ಲ.” ಸೆಕೆಂಡ್ ಹ್ಯಾಂಡ್ ವಾದ್ಯಗಳ ಜಾಹೀರಾತುಗಳಲ್ಲಿ, ಫಾರ್ವರ್ಡ್ ಆಗುವ ವಿಡಿಯೋಗಳಲ್ಲಿ ಈ ಧಾಟಿಯ ಮಾತು ಸಾಮಾನ್ಯ. ಇದನ್ನು ನಂಬಿ ಹೊಸದಕ್ಕಿಂತ ಹೆಚ್ಚು ಹಣ ಕೊಟ್ಟು ಹಳೆಯದನ್ನು ಕೊಳ್ಳುವವರಿದ್ದಾರೆ. ಇದರಲ್ಲಿ ನಿಜವೆಷ್ಟು, ನಂಬಿಕೆಯೆಷ್ಟು? ನೋಡೋಣ.

ಮರ ಹಳತಾದರೆ ಏನಾಗುತ್ತದೆ?

ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಮರದಲ್ಲಿರುವ ಹೆಮಿಸೆಲ್ಯುಲೋಸ್ ಎಂಬ ಅಂಶ ವರ್ಷಗಳು ಕಳೆದಂತೆ ನಿಧಾನವಾಗಿ ಒಡೆಯುತ್ತದೆ. ಆಗ ಮರ ತುಸು ಹಗುರಾಗುತ್ತದೆ, ಗಾಳಿಯ ತೇವವನ್ನು ಕಡಿಮೆ ಹೀರುತ್ತದೆ. ಇದೇ ಗುಣಕ್ಕಾಗಿ ಕೆಲವು ತಯಾರಕರು ಹೊಸ ಮರವನ್ನೇ ಆಮ್ಲಜನಕ ಕಡಿಮೆಯಿರುವ ಒಲೆಯಲ್ಲಿ ಕಾಯಿಸಿ ಬಳಸುತ್ತಾರೆ.

ಆದರೆ ಕೆಟ್ಟದಾಗಿ ಮಾಡಿದ ಗಿಟಾರ್ ಹಳತಾದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಹಿಂದಿನ ಕಾಲದ ಕಳಪೆ ವಾದ್ಯಗಳು ಎಂದೋ ಮೂಲೆ ಸೇರಿವೆ. ಜನ ಜೋಪಾನ ಮಾಡಿದ್ದು ಒಳ್ಳೆಯವನ್ನೇ. ಉಳಿದವನ್ನಷ್ಟೇ ನೋಡುವ ನಮಗೆ ಹಳೆಯದೆಲ್ಲ ಚೆನ್ನ ಅನ್ನಿಸುತ್ತದೆ.

ದುಬಾರಿ ಮರ, ದುಬಾರಿ ನಾದ?

ಗಿಟಾರ್‌ನ ದನಿಯಲ್ಲಿ ದೊಡ್ಡ ಪಾಲು ಮೇಲ್ಹಲಗೆಯದು, ಅಂದರೆ ತಂತಿಗಳ ಕೆಳಗಿರುವ ತೆಳು ಹಲಗೆ ಮತ್ತು ಅದರ ಒಳಗೆ ಅಂಟಿಸಿದ ಪಟ್ಟಿಗಳದು. ಇದನ್ನು ತೋರಿಸಲು ಸ್ಪೇನಿನ ಆಂಟೋನಿಯೋ ದೆ ಟೊರೆಸ್ 1862ರಲ್ಲಿ ಹಿಂಬದಿ ಮತ್ತು ಪಕ್ಕಗಳನ್ನು ರಟ್ಟಿನಿಂದ ಮಾಡಿ ಒಂದು ಗಿಟಾರ್ ಕಟ್ಟಿದ್ದರು!

2018ರಲ್ಲಿ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಹಿಂಬದಿ ಮತ್ತು ಪಕ್ಕದ ಮರವೊಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಬಗೆಯಾಗಿದ್ದ 6 ಗಿಟಾರ್‌ಗಳನ್ನು 52 ವಾದಕರು ನುಡಿಸಿದರು. ಮರ ಕಾಣದಂತೆ ಮಬ್ಬು ಬೆಳಕು, ಕಣ್ಣಿಗೆ ಕಪ್ಪು ಕನ್ನಡಕ. ದುಬಾರಿ ಬ್ರೆಜಿಲ್ ರೋಸ್‌ವುಡ್‌ಗೂ ಅಗ್ಗದ ಮರಗಳಿಗೂ ಅವರು ಕೊಟ್ಟ ಅಂಕ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಲಕ್ಷ, ಕೋಟಿ ಬೆಲೆ ಏಕೆ?

ಕರ್ಟ್ ಕೋಬೇನ್ ನುಡಿಸಿದ್ದ 1959ರ ಮಾರ್ಟಿನ್ ಗಿಟಾರ್ 2020ರಲ್ಲಿ ಸುಮಾರು 60 ಲಕ್ಷ ಡಾಲರಿಗೆ ಹರಾಜಾಯಿತು. ಅದರ ಹಿಂಬದಿ ರೋಸ್‌ವುಡ್ ಅಲ್ಲ, ಮಹಾಗನಿ. ಜನ ಬೆಲೆ ಕೊಟ್ಟಿದ್ದು ಅದನ್ನು ಹಿಡಿದಿದ್ದ ಕೈಗೆ. ಹಳೆಯ ವಾದ್ಯಗಳ ಬೆಲೆಯಲ್ಲಿ ಅಪರೂಪ ಮತ್ತು ಇತಿಹಾಸದ ಪಾಲೇ ದೊಡ್ಡದು.

ಈ ನಂಬಿಕೆಗೆ ಕಾಡೂ ಬೆಲೆ ತೆತ್ತಿದೆ. ಬ್ರೆಜಿಲ್ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ, ಅಂದರೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆಗೆ ಬದಲಾಯಿತು. 1992ರಿಂದ ಬ್ರೆಜಿಲ್ ರೋಸ್‌ವುಡ್ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಆ ಮರದ ಹಳೆಯ ಗಿಟಾರನ್ನು ವಿದೇಶದಲ್ಲಿ ಕೊಂಡು ಊರಿಗೆ ತರುವವರು ಮೊದಲು ಪರವಾನಗಿ ವಿಚಾರಿಸಬೇಕು.

ಹಳೆಯದನ್ನು ಕೊಳ್ಳುವ ಮುನ್ನ

ಉಕ್ಕಿನ ಆರು ತಂತಿಗಳು ಸೇರಿ ಗಿಟಾರನ್ನು 70 ಕೆ.ಜಿ.ಗೂ ಹೆಚ್ಚು ಬಲದಿಂದ ಎಳೆಯುತ್ತಿರುತ್ತವೆ. ದಶಕಗಳ ಈ ಎಳೆತಕ್ಕೆ ವಾದ್ಯ ಬಾಗುವುದು ಸಹಜ. ಆದ್ದರಿಂದ ಇವನ್ನು ನೋಡಿ:

- ನೆಕ್ ನೇರವಾಗಿದೆಯೇ? ಬ್ರಿಡ್ಜ್ ಹಿಂದೆ ಹಲಗೆ ಉಬ್ಬಿದೆಯೇ?
- ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಜುಯ್ಯೆನ್ನುವ ಸದ್ದು ಬಂದರೆ ಫ್ರೆಟ್ ಸವೆದಿರಬಹುದು.
- 12ನೇ ಫ್ರೆಟ್‌ನಲ್ಲಿ ತೆರೆದ ತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ಬರಬೇಕು.
- ಬಿರುಕು, ಬಿಟ್ಟ ಅಂಟು, ಸಡಿಲ ಬಿರಡೆಗಳಿವೆಯೇ?

ವೀಣೆಯಾದರೆ 24 ಮೆಟ್ಟಿಲುಗಳ ಕೆಳಗಿನ ಮೇಣವನ್ನೂ ನೋಡಿ. ಅದು ಸಡಿಲವಾಗಿದ್ದರೆ ಮೆಟ್ಟಿಲುಗಳನ್ನು ಮತ್ತೆ ಕೂರಿಸಬೇಕು. ರಿಪೇರಿ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಕೊನೆಯದಾಗಿ, ಅಂಗಡಿಯಲ್ಲಿ ಬೆನ್ನು ತಿರುಗಿಸಿ ನಿಂತು, ಗೆಳೆಯರಿಂದ ಹಳೆಯದನ್ನೂ ಹೊಸದನ್ನೂ ನುಡಿಸಿಸಿ ಕೇಳಿ. ಯಾವುದು ಯಾವುದೆಂದು ಗೊತ್ತಾಗದಿದ್ದರೆ, ಹೆಚ್ಚಿನ ದುಡ್ಡು ಕೊಡುವ ಮುನ್ನ ಇನ್ನೊಮ್ಮೆ ಯೋಚಿಸಿ.