ಮೂರು ಕಾರ್ಡು, ಮೂರು ಸಾಲು

ಮೊನ್ನೆ ಶನಿವಾರ ಹಳೇ ಕಾಲೇಜು ಗೆಳೆಯರೆಲ್ಲ ಸೇರಿದ್ದೆವು. ಮಾತು ಎಲ್ಲೆಲ್ಲೋ ಸುತ್ತಿ ಕಡೆಗೆ ಹಾಡಿಗೆ ಬಂತು. ನಾನು ಪಂಕ್ ಕೇಳ್ತೀನಿ ಅಂದಿದ್ದೇ ತಡ, ಒಬ್ಬ ನಕ್ಕ. "ಅದರಲ್ಲೇನಿದೆ ಮಗಾ, ಮೂರು ಕಾರ್ಡು ಯಾರ್ ಬೇಕಾದ್ರೂ ಬಾರಿಸ್ತಾರೆ!"

ಈ ಮಾತು ನನಗೆ ಹೊಸದಲ್ಲ. ಮೂರನೇ ಸೆಮಿಸ್ಟರಿನಲ್ಲಿ ಕಾಲೇಜಿನ ಬ್ಯಾಂಡ್ ಸೇರೋಣ ಅಂತ ಹೋದಾಗ ಸೀನಿಯರ್ ಒಬ್ಬ "ಸೋಲೋ ಬರುತ್ತಾ?" ಅಂದ. ಇಲ್ಲ ಅಂದೆ. "ಮತ್ತೆ ಗಿಟಾರ್ ಯಾಕೆ ಹೊತ್ಕೊಂಡು ಬಂದೆ?" ಅಂದ. ಅವತ್ತು ಅಟ್ಟ ಸೇರಿದ ಗಿಟಾರು ಏಳೆಂಟು ವರ್ಷ ಅಲ್ಲೇ ಇತ್ತು.

ತಪ್ಪು ಅವನದ್ದೊಂದೇ ಅಲ್ಲ ಬಿಡಿ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನದಲ್ಲಿ ಬಾರಿಸಿ ಹೋದ ಊರು ನಮ್ಮದು. ಇಲ್ಲಿ ರಾಕ್ ಅಂದ್ರೆ ಮೆಟಲ್, ಮೆಟಲ್ ಅಂದ್ರೆ ಉದ್ದದ ಸೋಲೋ. ನನಗೂ ಮೇಡನ್ ಇಷ್ಟವೇ. ಆದರೆ ಉದ್ದ ಇದ್ದಿದ್ದೆಲ್ಲ ಕಷ್ಟ, ಗಿಡ್ಡ ಇದ್ದಿದ್ದೆಲ್ಲ ಸುಲಭ ಅನ್ನೋ ಲೆಕ್ಕ ಮಾತ್ರ ಒಪ್ಪಲಾರೆ.

ಲಾಸ್ ಏಂಜಲಿಸ್‌ನ ಬ್ಯಾಡ್ ರಿಲಿಜನ್ ತಂಡದ 'ಸಫರ್' ತಗೊಳ್ಳಿ. 1988ರ ಆಲ್ಬಮ್. 15 ಹಾಡು, ಒಟ್ಟು ಸುಮಾರು 26 ನಿಮಿಷ. ನಮ್ಮ ಬಸ್ಸು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಇಡೀ ಆಲ್ಬಮ್ ಮುಗಿದು ಮತ್ತೊಮ್ಮೆ ಶುರುವಾಗಿರುತ್ತೆ!

ಇದರಲ್ಲಿ ಕಷ್ಟ ಎಲ್ಲಿದೆ? ಡ್ರಮ್ಮು ಉಸಿರು ಬಿಡದೆ ಓಡುತ್ತೆ, ಅದರ ಮೇಲೆ ಗ್ರೆಗ್ ಗ್ರಾಫಿನ್ ದನಿ ಅವಸರವೇ ಇಲ್ಲದ ಹಾಗೆ ರಾಗ ಎಳೆಯುತ್ತೆ. ಸಾಲು ಮುಗಿಯುವ ಜಾಗದಲ್ಲಿ ಇನ್ನೆರಡು ದನಿ ಬೇರೆ ಬೇರೆ ಸ್ವರದಲ್ಲಿ "ಆ..." ಅಂತ ಮೇಲೇಳುತ್ತವೆ. ಅಲ್ಲಿ ಒಬ್ಬನ ಸ್ವರ ಜಾರಿದರೂ ಹಾಡು ಕೆಟ್ಟಿತು. ಸೋಲೋ ಇಲ್ಲ ಅಂತಲ್ಲ, ಇದೆ. ಬರುತ್ತೆ, ಹೇಳೋದು ಹೇಳುತ್ತೆ, ಹೋಗುತ್ತೆ. ಇನ್ನು ಸಾಹಿತ್ಯ. ಪಠ್ಯಪುಸ್ತಕದಲ್ಲಿ ಸಿಗುವಂಥ ಉದ್ದುದ್ದ ಪದಗಳು, ಅಷ್ಟು ವೇಗದಲ್ಲೂ ಲಯ ತಪ್ಪದೆ ಕೂರುತ್ತವೆ. (ಈ ಗ್ರಾಫಿನ್ 2003ರಲ್ಲಿ ಕಾರ್ನೆಲ್‌ನಲ್ಲಿ ಪ್ರಾಣಿಶಾಸ್ತ್ರದ ಪಿಎಚ್‌ಡಿ ಪಡೆದ ಆಸಾಮಿ!)

ಉದ್ದ ಬರೆಯೋಕೆ ಬರದೆ ಗಿಡ್ಡ ಬರೆದರು ಅಂತೀರಾ? 1983ರಲ್ಲೇ ಗ್ರಾಫಿನ್, ಗುರೆವಿಟ್ಜ್ ಇಬ್ಬರೂ ಕೀಬೋರ್ಡ್ ಇಟ್ಟುಕೊಂಡು 'ಇನ್‌ಟು ದಿ ಅನ್‌ನೋನ್' ಅಂತ ಉದ್ದುದ್ದ ಹಾಡುಗಳ ಆಲ್ಬಮ್ ಮಾಡಿದ್ದರು. ಅದು ನೆಲಕಚ್ಚಿತು. ಆ ದಾರಿ ನೋಡಿಯೇ ಇವರು ಗಿಡ್ಡ ಹಾಡಿಗೆ ವಾಪಸ್ ಬಂದಿದ್ದು.

ಇನ್ನೊಂದು ಕಡೆ ಪಂಕ್ ಮಡಿವಂತರಿದ್ದಾರೆ. ರಾಗ ಬಂತು ಅಂದ್ರೆ ಮಾರುಕಟ್ಟೆಗೆ ಮಾರಿಕೊಂಡ ಹಾಗೆ ಅಂತ ಅವರ ವಾದ. ಸ್ವಾಮೀ, 'ಸಫರ್' ಬಂದಿದ್ದು ಗಿಟಾರಿಸ್ಟ್ ಬ್ರೆಟ್ ಗುರೆವಿಟ್ಜ್ ತಾನೇ ನಡೆಸುತ್ತಿದ್ದ ಎಪಿಟಾಫ್ ಅನ್ನೋ ಪುಟ್ಟ ಕಂಪನಿಯಿಂದ. ರಾಗ ಹಾಕು ಅಂತ ಮೇಲೆ ಕೂತು ಹೇಳುವ ದೊಡ್ಡ ಧಣಿ ಯಾರೂ ಇರಲಿಲ್ಲ.

ಕೊರತೆ ಇಲ್ಲವೇ? ಇದೆ. ಹಾಡುಗಳು ಒಂದರಂತೆ ಇನ್ನೊಂದು ಕೇಳುತ್ತವೆ, ವೇಗ ಹೆಚ್ಚು ಬದಲಾಗೋದಿಲ್ಲ. ಆದರೆ ಸರ್ವಜ್ಞನ ತ್ರಿಪದಿಗಳೂ ನೋಡೋಕೆ ಒಂದೇ ಥರ ಇವೆಯಲ್ಲ? ಮೂರೇ ಸಾಲು ಯಾರ್ ಬೇಕಾದ್ರೂ ಬರೀತಾರೆ ಅಂತ ಅವನಿಗೆ ಯಾರಾದರೂ ಹೇಳ್ತಾರಾ? ದಿನಕರ ದೇಸಾಯಿಯವರ ಚುಟುಕ ಮಹಾಕಾವ್ಯ ಅಲ್ಲ ಅಂತ ಬೈಯ್ತಾರಾ?

ಅಂದ ಹಾಗೆ, ಭಾನುವಾರ ಅಟ್ಟ ಹತ್ತಿ ಗಿಟಾರ್ ಇಳಿಸಿದೆ. ತುಕ್ಕು ಹಿಡಿದ ತಂತಿ ಕಿತ್ತು ಹೊಸದು ಹಾಕಿದೆ. 'ಡು ವಾಟ್ ಯೂ ವಾಂಟ್' ಹಾಡು ಇರೋದು ಸುಮಾರು ಒಂದೇ ನಿಮಿಷ. ಅರ್ಧ ಮುಗಿಯುವಷ್ಟರಲ್ಲಿ ನನ್ನ ಮಣಿಕಟ್ಟು ಸೋತಿತು. ಯಾರ್ ಬೇಕಾದ್ರೂ ಬಾರಿಸ್ತಾರೆ ಅಂದ ಗೆಳೆಯಾ, ಮುಂದಿನ ಶನಿವಾರ ಮನೆಗೆ ಬಾ. ಗಿಟಾರ್ ನಾನು ಕೊಡ್ತೀನಿ, ಕಾಫಿ ಅಮ್ಮ ಕೊಡ್ತಾರೆ. ನೀನು ಬಾರಿಸು. ಹಾಂ, ಬಾರಿಸುತ್ತಾ ಹಾಡಲೂ ಬೇಕು :-)

ನೀವೇನಂತೀರಾ?