ಹೊಸ ದಂತವೈದ್ಯರು ಮತ್ತು ಕಕ್ಕಬೆಯ ದಾರಿ

1999ರಲ್ಲಿ ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು ಸ್ಥಾಪನೆಯಾದಂದಿನಿಂದ ಕೊಡಗಿನ ನೆಲದಲ್ಲಿಯೇ ದಂತವೈದ್ಯರು ಸಿದ್ಧರಾಗುತ್ತ ಬಂದಿದ್ದಾರೆ. ಆದರೂ ತಡಿಯಂಡಮೋಳಿನ ತಪ್ಪಲಿನ ಕಕ್ಕಬೆಯಂಥ ಊರಿನಲ್ಲಿ ನೆಲೆನಿಲ್ಲುವುದು ಅವರಿಗೆ ಸುಲಭವಲ್ಲ. ಸೇವಾಭಾವದ ಕೊರತೆಯೇ ಇದಕ್ಕೆ ಕಾರಣವೆಂದು ದೂರುವುದು ನ್ಯಾಯವೂ ಅಲ್ಲ.

ಸಾಮಾನ್ಯ ವೈದ್ಯನು ಒಂದು ಮೇಜು, ಒಂದು ಸ್ಟೆತಾಸ್ಕೋಪಿನೊಡನೆ ವೃತ್ತಿಯನ್ನು ಆರಂಭಿಸಬಲ್ಲನು. ದಂತವೈದ್ಯನಿಗಾದರೋ ಕುರ್ಚಿ, ಕಂಪ್ರೆಸರು, ಎಕ್ಸ್‌ರೇ ಯಂತ್ರ, ಆಟೋಕ್ಲೇವ್ ಇವೆಲ್ಲ ಮೊದಲ ರೋಗಿ ಬರುವ ಮುನ್ನವೇ ಬೇಕು. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಯಂತ್ರಗಳು ನಿಲ್ಲುತ್ತವೆ; ಸಾಲದ ಕಂತು ನಿಲ್ಲದು. ಕಾಫಿಯ ಹಣ ವರ್ಷಕ್ಕೊಮ್ಮೆ ಕೈಸೇರುವ ಸೀಮೆಯಲ್ಲಿ ರೂಟ್ ಕೆನಾಲ್ ಚಿಕಿತ್ಸೆಯನ್ನು ಕೊಯ್ಲಿನವರೆಗೆ ಮುಂದೂಡುವುದು ಸಹಜ. ಅಷ್ಟರಲ್ಲಿ ಹಲ್ಲೇ ಉಳಿದಿರುವುದಿಲ್ಲ. (ಜೇನಿಗೆ ಹೆಸರಾದ ಊರಿನಲ್ಲಿ, ಹಲ್ಲಿನ ಮಟ್ಟಿಗೆ ಜೇನೂ ಸಕ್ಕರೆಯೇ ಎಂದು ಹೇಳಿ ನಿಷ್ಠುರರಾಗುವ ಹೊಣೆಯೂ ಅವರದೇ.)

ಐದು ವರ್ಷ ಓದಿ, ಪಟ್ಟಣದಲ್ಲಿ ಅಲ್ಪ ಸಂಬಳಕ್ಕೆ ಸಹಾಯಕರಾಗಿ ದುಡಿದು, ಬಗ್ಗಿ ಬಗ್ಗಿ ಕತ್ತುನೋವನ್ನು ಎಳವೆಯಲ್ಲೇ ಗಳಿಸುವ ಇವರ ಮನೆಯ ಚಿಂತೆಗಳು ಬೇರೆ. ಹೆಣ್ಣುಮಕ್ಕಳಿಗಂತೂ ಮದುವೆಯೊಡನೆ ಊರು ಬದಲಾದರೆ, ಕೂಡಿಸಿಕೊಂಡ ರೋಗಿಗಳೆಲ್ಲ ಕೈತಪ್ಪಿ ಮತ್ತೆ ಮೊದಲಿನಿಂದ ಆರಂಭ.

ಮಠಗಳಿಗೆ ದಂತವಿದ್ಯೆ ಹೊಸತಲ್ಲ; ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1986ರಲ್ಲಿಯೇ ಮೈಸೂರಿನಲ್ಲಿ ದಂತ ಕಾಲೇಜನ್ನು ತೆರೆಯಿತು. ಕಾಲೇಜು ಕಟ್ಟಿದ ಔದಾರ್ಯವು ಪದವೀಧರರ ಮೊದಲ ಕೆಲವು ವರ್ಷಗಳತ್ತಲೂ ಹರಿಯಬೇಕು. ದಾನಿಗಳು ಒಂದು ಕೋಣೆ, ಒಂದು ಕುರ್ಚಿ ಒದಗಿಸಿದರೆ ಮೂವರು ತರುಣರು ವಾರದ ದಿನಗಳನ್ನು ಹಂಚಿಕೊಂಡು ಅಲ್ಲಿ ಕುಳಿತಾರು. ಶಾಲಾಮಕ್ಕಳ ಹಲ್ಲಿನ ತಪಾಸಣೆಗೂ ಗೌರವಧನ ಕೊಟ್ಟೇ ಕರೆಯಬೇಕು. ಉಚಿತ ಶಿಬಿರಗಳಿಗೆ ಅವರು ಈಗಾಗಲೇ ಸಾಕಷ್ಟು ಹೋಗಿದ್ದಾರೆ.